ವಯಸ್ಸು ನಿಧಾನ ಆಗಲಿ ಅಂತ ಮೆಟ್‌ಫಾರ್ಮಿನ್ ಕೇಳುವವರಿಗೆ

ಎಲ್ಲಕ್ಕಿಂತ ಮೊದಲು ಒಂದು ಮಾತು. ಅಪ್ಪನ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ.

ತುಮಕೂರಿನಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ, ನಾನು ಫಾರ್ಮಸಿಸ್ಟ್. ಮೆಟ್‌ಫಾರ್ಮಿನ್ ಅಂದರೆ ಶುಗರ್ ಕಾಯಿಲೆಗೆ ಕೊಡುವ ಮಾತ್ರೆ. ಶುಗರ್ ಇಲ್ಲದವರೂ ಈಗೀಗ ಬಂದು, "ಅಕ್ಕಾ, ಮೆಟ್‌ಫಾರ್ಮಿನ್ ಒಂದು ಶೀಟು ಕೊಡಿ, ವಯಸ್ಸಾಗೋದು ನಿಧಾನ ಆಗುತ್ತಂತೆ" ಅಂತ ಕೇಳುತ್ತಾರೆ. ಚೀಟಿ ಇಲ್ಲದೆ ಕೊಡಲ್ಲ ಅಂದರೆ, "ಬಿಡಿ, ಮನೇಲಿ ಅಪ್ಪಂದೇ ಇದೆ" ಅನ್ನುತ್ತಾರೆ. ನನಗೆ ಭಯ ಆಗುವುದು ಅಲ್ಲೇ. ಹಿರಿಯರ ಶುಗರ್ ಮಾತ್ರೆಯಲ್ಲಿ ಎಷ್ಟೋ ಸಲ ಎರಡು ಔಷಧಿ ಸೇರಿರುತ್ತವೆ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇರುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆಯನ್ನು ತೀರಾ ಕೆಳಗೆ ಇಳಿಸುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಸಕ್ಕರೆ ಜಾಸ್ತಿ ಇರಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತದೆ. ಶುಗರ್ ಇಲ್ಲದವರು ನುಂಗಿದರೆ ಬೆವರು, ನಡುಕ, ಕಣ್ಣು ಕತ್ತಲೆ, ಕೊನೆಗೆ ಪ್ರಜ್ಞೆಯೂ ತಪ್ಪಬಹುದು. ಯಾವ ಯಾವ ಔಷಧಿ ಸೇರಿದೆ ಅಂತ ಶೀಟಿನ ಹಿಂದಿನ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಯಾರೂ ಓದುವುದಿಲ್ಲ.

ಈ ಆಸೆ ಎಲ್ಲಿಂದ ಹುಟ್ಟಿತು ಅನ್ನುವುದೂ ಗೊತ್ತಿರಲಿ. 2014ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದ 78 ಸಾವಿರಕ್ಕೂ ಹೆಚ್ಚು ಶುಗರ್ ರೋಗಿಗಳ ದಾಖಲೆ ನೋಡಿತು. ಶುಗರ್ ಇಲ್ಲದವರಿಗಿಂತ ಇವರೇ ಸ್ವಲ್ಪ ಹೆಚ್ಚು ಬದುಕಿದಂತೆ ಕಂಡಿತು. ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಅಲ್ಲೊಂದು ತೊಡಕಿತ್ತು. ಕಾಯಿಲೆ ಜಾಸ್ತಿಯಾಗಿ ಬೇರೆ ಔಷಧಿ ಶುರು ಮಾಡಿದವರು ಲೆಕ್ಕದಿಂದ ಹೊರಗೆ ಹೋಗುತ್ತಿದ್ದರು. ಉಳಿದವರು ಮೊದಲೇ ಗಟ್ಟಿ ಇದ್ದವರು, ಅಲ್ವಾ? 2022ರಲ್ಲಿ ಡೆನ್ಮಾರ್ಕಿನ ದಾಖಲೆಗಳನ್ನು ನೋಡಿದಾಗ ಆ ಲಾಭ ಕಾಣಲಿಲ್ಲ. ಮುಪ್ಪಿನ ಬಗ್ಗೆ ಸಂಶೋಧನೆ ಮಾಡುವ ನ್ಯೂಯಾರ್ಕಿನ ಡಾ. ನೀರ್ ಬಾರ್ಜಿಲೈ 'ಟೇಮ್' ಅನ್ನುವ ಪ್ರಯೋಗಕ್ಕೆ ಯೋಜನೆ ಹಾಕಿದ್ದಾರೆ. 65ರಿಂದ 79 ವರ್ಷದ, ಶುಗರ್ ಇಲ್ಲದ 3,000 ಜನರ ಮೇಲೆ ಈ ಮಾತ್ರೆಯನ್ನು ಪರೀಕ್ಷಿಸಿ ನೋಡುವುದು ಅದರ ಉದ್ದೇಶ. ಮೆಟ್‌ಫಾರ್ಮಿನ್ ತುಂಬಾ ಹಳೆಯ ಔಷಧಿ, ಅಗ್ಗ, ಯಾವ ಕಂಪನಿಗೂ ಇದರಿಂದ ದೊಡ್ಡ ಲಾಭವಿಲ್ಲ. ಹಾಗಾಗಿ ಹಣ ಹೊಂದಿಸುವುದೇ ಕಷ್ಟವಾಗಿದೆ. ಆರೋಗ್ಯವಾಗಿರುವ ಮನುಷ್ಯರ ಆಯಸ್ಸು ಇದರಿಂದ ಹೆಚ್ಚುತ್ತದೆ ಅನ್ನುವುದಕ್ಕೆ ಇವತ್ತಿಗೂ ಪುರಾವೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಮಾತ್ರೆಗಿಂತ ಮೊದಲು ಲ್ಯಾಬಿಗೆ ಹೋಗಿ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್), ಖಾಲಿ ಹೊಟ್ಟೆಯ ಶುಗರ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ವಿಟಮಿನ್ ಬಿ12. ಈ ನಾಲ್ಕು ಸಾಕು. ಕ್ರಿಯಾಟಿನಿನ್ ಸಂಖ್ಯೆಯಿಂದ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವುದನ್ನು ಲೆಕ್ಕ ಹಾಕಿಸಿ, ಎಷ್ಟೋ ಲ್ಯಾಬುಗಳು ರಿಪೋರ್ಟಿನಲ್ಲೇ ಕೊಡುತ್ತವೆ. ಅದು 30ಕ್ಕಿಂತ ಕಡಿಮೆ ಇದ್ದರೆ ಮೆಟ್‌ಫಾರ್ಮಿನ್ ಕೂಡದು. 45ಕ್ಕಿಂತ ಕೆಳಗಿದ್ದರೂ ಹೊಸದಾಗಿ ಶುರು ಮಾಡುವುದಿಲ್ಲ. ಈ ಔಷಧಿ ಹೊರಗೆ ಹೋಗುವುದು ಕಿಡ್ನಿ ಮೂಲಕವೇ. ಹೋಗದೆ ಮೈಯಲ್ಲಿ ಉಳಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಅಪರೂಪ, ಆದರೆ ಪ್ರಾಣಕ್ಕೆ ಕುತ್ತು. ಜಾಸ್ತಿ ಕುಡಿಯುವವರಿಗೆ, ಲಿವರ್ ಕೆಟ್ಟವರಿಗೂ ಅದೇ ಅಪಾಯ.

ಬಿ12 ಬಗ್ಗೆ ನನಗೆ ವಿಶೇಷ ಕಾಳಜಿ. ಸಸ್ಯಾಹಾರಿ ಮನೆಗಳಲ್ಲಿ ಇದು ಮೊದಲೇ ಕಡಿಮೆ ಇರುತ್ತದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಇನ್ನೂ ಇಳಿಯುತ್ತದೆ. ಆಗ ಪಾದ ಜುಮ್ ಅನ್ನುತ್ತದೆ, ಸುಸ್ತಾಗುತ್ತದೆ, ಮರೆವು ಬರುತ್ತದೆ, ನಡಿಗೆ ತೂರಾಡುತ್ತದೆ. ಯಾವ ಮುಪ್ಪನ್ನು ದೂರ ಇಡಲು ಮಾತ್ರೆ ನುಂಗಿದೆವೋ ಅದರ ಲಕ್ಷಣಗಳೇ ಇವು. ಮಗಳೊಬ್ಬಳು ಬಂದು, "ಅಮ್ಮನಿಗೆ ವಯಸ್ಸಾಯ್ತು, ಕಾಲು ಜೋಮು" ಅಂದಾಗ ನಾನು ಮೊದಲು ಕೇಳುವುದು ಬಿ12 ನೋಡಿಸಿದ್ದೀರಾ ಅಂತಲೇ.

ಇನ್ನು ರಿಪೋರ್ಟ್ ಓದುವುದು. ಎಚ್‌ಬಿಎ1ಸಿ 6.5% ಅಥವಾ ಜಾಸ್ತಿ ಇದ್ದರೆ ಅದು ವಯಸ್ಸಿನ ಮಾತಲ್ಲ, ಶುಗರ್ ಕಾಯಿಲೆ. ಡಾಕ್ಟರ್ ಹೇಳಿದಂತೆ ಚಿಕಿತ್ಸೆ ತಗೊಳ್ಳಿ. 5.7ರಿಂದ 6.4 ಇದ್ದರೆ ಶುಗರ್ ಹೊಸ್ತಿಲಲ್ಲಿದೆ. ಮಾತ್ರೆ ಕೇಳಲು ನಿಜವಾದ ಕಾರಣ ಇರುವುದು ಇವರಿಗೆ. ಆದರೆ ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಬಂದ ಫಲಿತಾಂಶ ನೋಡಿ. ಊಟ ಬದಲಿಸಿ, ನಡೆದು, ತೂಕ ಇಳಿಸಿದವರಲ್ಲಿ ಶುಗರ್ ಬರುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ತಗೊಂಡವರಲ್ಲಿ 31%. 60 ದಾಟಿದವರಲ್ಲಂತೂ ನಡಿಗೆ, ಊಟದ ಲಾಭ 71%ಕ್ಕೆ ಏರಿತು, ಮಾತ್ರೆಯದು ತೀರಾ ಕಡಿಮೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ನಮ್ಮವರ ಲೆಕ್ಕ ಕೊಟ್ಟಿತು. ಶುಗರ್ ಬರುವುದು ಕಡಿಮೆಯಾಗಿದ್ದು ಜೀವನಶೈಲಿಯಿಂದ 28.5%, ಮಾತ್ರೆಯಿಂದ 26.4%, ಎರಡೂ ಸೇರಿಸಿದರೆ 28.2%. ಸೇರಿಸಿದ್ದರಿಂದ ಹೆಚ್ಚೇನೂ ಸಿಗಲಿಲ್ಲ.

5.7ಕ್ಕಿಂತ ಕಡಿಮೆಯೇ? ಹಾಗಾದರೆ ನನ್ನ ಉತ್ತರ ನೇರ: ಬೇಡ. ಅದರಲ್ಲೂ ನೀವು ಜಿಮ್‌ಗೆ ಹೋಗುವವರಾದರೆ ಇನ್ನೂ ಬೇಡ. 2019ರಲ್ಲಿ ಬಂದ ಒಂದು ಪ್ರಯೋಗದಲ್ಲಿ 65 ದಾಟಿದವರಿಂದ 14 ವಾರ ತೂಕ ಎತ್ತುವ ವ್ಯಾಯಾಮ ಮಾಡಿಸಿದರು. ಮೆಟ್‌ಫಾರ್ಮಿನ್ ತಗೊಂಡವರಿಗಿಂತ ಸುಮ್ನೆ ಔಷಧಿಯಿಲ್ಲದ ಮಾತ್ರೆ ನುಂಗಿದವರ ಮಾಂಸಖಂಡವೇ ಜಾಸ್ತಿ ಬೆಳೆಯಿತು. ವಯಸ್ಸಾದ ಮೇಲೆ ಬೀಳದೆ, ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತಬೇಕಾದರೆ ಬೇಕಾಗುವುದು ಆ ಮಾಂಸಖಂಡವೇ. ಅದನ್ನು ಬಿಟ್ಟುಕೊಡಬೇಡಿ.

ಡಾಕ್ಟರ್ ನೋಡಿ ಬರೆದುಕೊಟ್ಟರೆ ಮಾತ್ರ ಮುಂದಿನದು. ಸಾಮಾನ್ಯವಾಗಿ ರಾತ್ರಿ ಊಟದ ಜೊತೆ 500 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಊಟದ ಮಧ್ಯೆ ನುಂಗಿದರೆ ವಾಕರಿಕೆ ಕಡಿಮೆ. ಮೊದಲ ವಾರಗಳಲ್ಲಿ ಹೊಟ್ಟೆ ಗುಡುಗುಡು, ಸಡಿಲ ಭೇದಿ ಸಾಮಾನ್ಯ. ಬಹಳ ಜನರಿಗೆ ತಾನಾಗೇ ಸರಿಹೋಗುತ್ತದೆ. ಹೋಗದಿದ್ದರೆ ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಗೆ ಬದಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿ. ಎಸ್‌ಆರ್ ಮಾತ್ರೆ ಮುರಿಯಬಾರದು, ಅಗಿಯಬಾರದು. ಮಲದಲ್ಲಿ ಮಾತ್ರೆಯ ಸಿಪ್ಪೆ ಹಾಗೇ ಕಂಡರೂ ಗಾಬರಿ ಬೇಡ, ಔಷಧಿ ಒಳಗೆ ಇಳಿದಿರುತ್ತದೆ. ಜನೌಷಧಿ ಕೇಂದ್ರದಲ್ಲಿ ಸಿಗುವ ಮೆಟ್‌ಫಾರ್ಮಿನ್ ಕೂಡ ಅದೇ ಔಷಧಿ, ದುಬಾರಿಯದ್ದೇ ಬೇಕಂತಿಲ್ಲ.

ವಾಂತಿ, ಭೇದಿ, ಜೋರು ಜ್ವರದಿಂದ ನೀರು ಕುಡಿಯಲೂ ಆಗದ ದಿನ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಆಪರೇಷನ್ ಅಥವಾ ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಸಿಟಿ ಸ್ಕ್ಯಾನ್ ಇದ್ದರೆ ಮೊದಲೇ ಹೇಳಿ, "ನಾನು ಮೆಟ್‌ಫಾರ್ಮಿನ್ ತಗೊಳ್ತಿದ್ದೀನಿ" ಅಂತ. ಶುಗರ್ ಇಲ್ಲದವರು ಇದನ್ನು ಹೇಳಲು ಮರೆಯುತ್ತಾರೆ, ಯಾಕೆಂದರೆ ತಮಗೆ ಕಾಯಿಲೆ ಇಲ್ಲ ಅಂದುಕೊಂಡಿರುತ್ತಾರೆ. ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮನೆಯವರಿಗೂ ತೋರಿಸಿಡಿ.