ಹಾಳೆಟೋಪಿಯ ಗಗನಯಾತ್ರಿಗಳು: ಒಂದು ಅಣಕು ಚಿತ್ರ ಕಟ್ಟಿದ ಅನುಭವ

ಬಾಹ್ಯಾಕಾಶ ಸಾಹಸ ಚಿತ್ರಗಳನ್ನು ಅಣಕಿಸುವ ಕಿರುಚಿತ್ರವೊಂದನ್ನು ಸಾಗರದ ಗೆಳೆಯರೊಡನೆ ಮಾಡಹೊರಟಾಗ ನಾವು ಹಾಕಿಕೊಂಡ ಕಟ್ಟುಪಾಡು ಒಂದೇ: ಎಂಥ ವಿಪರೀತ ನಡೆದರೂ ಪಾತ್ರಧಾರಿಗಳು ಅದನ್ನು ಪೂರ್ತಿ ನಂಬಬೇಕು, ನಗೆ ಆ ಪ್ರಕಾರದ ವ್ಯಾಕರಣದಿಂದಲೇ ಹುಟ್ಟಬೇಕು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಆರಂಭದಲ್ಲಿ ಬೃಹತ್ ನೌಕೆ ನೆತ್ತಿಯ ಮೇಲೆ ಹಾದುಹೋಗುತ್ತದೆ. 1987ರಲ್ಲಿ ಮೆಲ್ ಬ್ರೂಕ್ಸ್ ‘ಸ್ಪೇಸ್‌ಬಾಲ್ಸ್’ನಲ್ಲಿ ಅಂಥದೇ ನೌಕೆಯನ್ನು ಮುಗಿಯದಷ್ಟು ಉದ್ದಕ್ಕೆ ಎಳೆದರು. ಮೂಲದ ಶಿಸ್ತನ್ನು ಅವರು ಅಷ್ಟು ಬಲ್ಲವರಾದ್ದರಿಂದಲೇ ಆ ನಗೆ ಸಾಧ್ಯವಾಯಿತೆಂದು ನನ್ನ ನಂಬಿಕೆ.

ನಮ್ಮ ಯಾತ್ರಿಗಳಿಗೆ ಅಡಿಕೆಯ ಹಾಳೆಟೋಪಿ ಶಿರಸ್ತ್ರಾಣವಾಯಿತು, ಬೆನ್ನಿಗೆ ಕಟ್ಟುವ ಔಷಧಿ ಪಂಪು ಆಮ್ಲಜನಕದ ಸಿಲಿಂಡರಾಯಿತು. ನೌಕೆಯನ್ನೂ ಹಾಳೆಯಿಂದಲೇ ಕಟ್ಟಿದೆವು. ನೀರಿನಲ್ಲಿ ನೆನೆದ ಹಾಳೆ ಹೇಳಿದಂತೆ ಬಾಗುತ್ತದೆ, ಒಣಗಿದ ಮೇಲೆ ಆ ಬಾಗನ್ನು ಬಿಡುವುದಿಲ್ಲ. ಹೆಚ್ಚಿನ ಲೆಕ್ಕಾಚಾರ ಬೇಕಾದದ್ದು ನೌಕೆ ಗ್ರಹವೊಂದಕ್ಕೆ ಅಪ್ಪಳಿಸುವ ದೃಶ್ಯಕ್ಕೆ. ಮಾದರಿ 2 ಮೀಟರ್, ಪರದೆಯ ಮೇಲೆ ಅದು 50 ಮೀಟರ್ ಎನಿಸಬೇಕು. ಅನುಪಾತ 25; ಬೀಳಲು ಹಿಡಿಯುವ ಹೊತ್ತು ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ, 25ರ ವರ್ಗಮೂಲ 5. ಆದ್ದರಿಂದ ಸೆಕೆಂಡಿಗೆ 24ರ ಬದಲು 120 ಚೌಕಟ್ಟುಗಳಲ್ಲಿ ಚಿತ್ರಿಸಿ ನಿಧಾನಗೊಳಿಸಿದರೆ ಬೀಳುವ ವಸ್ತುವಿಗೆ ನಿಜವಾದ ತೂಕ ಬರುತ್ತದೆ. ನೀರಿಗೆ ಬೀಳಿಸಿದರೆ ಹನಿಗಳು ಮಾದರಿಗೆ ತಕ್ಕಂತೆ ಕುಗ್ಗದೆ ಗುಟ್ಟು ರಟ್ಟು ಮಾಡುವುದರಿಂದ, ಬೇಸಿಗೆಯ ಒಣಗದ್ದೆಯಲ್ಲಿ ಜರಡಿ ಹಿಡಿದ ನುಣ್ಣನೆಯ ಮಣ್ಣನ್ನು ಹರವಿ, ಕ್ಯಾಮೆರಾವನ್ನು ನೆಲಮಟ್ಟದಲ್ಲಿಟ್ಟು ಅದರ ಮೇಲೆ ನೌಕೆಯನ್ನು ಬೀಳಿಸಿದೆವು.

ನನಗೆ ಅತ್ಯಂತ ಪ್ರಿಯವಾದದ್ದು ಯುದ್ಧದ ದೃಶ್ಯ. ಖಳನಾಯಕ ಯಕ್ಷಗಾನದ ಕ್ರಮದಲ್ಲಿ ತೆರೆಯ ಮರೆಯಿಂದ ಒಡ್ಡೋಲಗಕ್ಕೆ, ಅಂದರೆ ಪಾತ್ರದ ವೈಭವದ ಮೊದಲ ಪ್ರವೇಶಕ್ಕೆ, ಬರುತ್ತಾನೆ, ಚೆಂಡೆ ಮೊಳಗುತ್ತದೆ, ನೌಕೆಗಳು ಭೋರ್ಗರೆಯುತ್ತವೆ. ಆಗ ಎಂಜಿನಿಯರ್ ಅತ್ಯಂತ ವಿನಯದಿಂದ ಕ್ಯಾಪ್ಟನ್ನನನ್ನು ಕೇಳುತ್ತಾನೆ: “ಭಾವಾ, ಹೊರಗೆ ಗಾಳಿಯೇ ಇಲ್ಲ, ಶಬ್ದ ಹ್ಯಾಗೆ ಬಂತು?” ಆ ಕ್ಷಣವೇ ಎಲ್ಲವೂ ನಿಶ್ಶಬ್ದ. ಪದ್ಯ ಹಾಡುವ ಭಾಗವತರ ಬಾಯಿ ಆಡುತ್ತಿದೆ, ದನಿಯಿಲ್ಲ; ಸವಾಲು ಜವಾಬುಗಳೆಲ್ಲ ಸ್ಲೇಟಿನ ಮೇಲೆ ನಡೆಯುತ್ತವೆ. ಖಳನಾಯಕ ನೌಕೆಯೊಳಗೆ ಬಂದು ಬಾಗಿಲು ಮುಚ್ಚಿದೊಡನೆ ಪದ್ಯ ನಡುವಿನಿಂದಲೇ ಕೇಳತೊಡಗುತ್ತದೆ. ಇದಕ್ಕಾಗಿ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹಾಡಿಸಿ, ನಡುವಿನ ದನಿಯನ್ನು ಮಾತ್ರ ಸಂಕಲನದಲ್ಲಿ ಅಡಗಿಸಿದೆವು. ಹಾಗಾಗಿ ಎಷ್ಟು ಹೊತ್ತಿನ ನಿಶ್ಶಬ್ದದ ನಂತರವೂ ತಾಳ ತಪ್ಪಲಿಲ್ಲ.