ಹಳ್ಳಿ ಚರ್ಚಿನ ಚರಿತ್ರೆ ಬರೆಯುವವರು ಮೊದಲು ಬಿಚ್ಚಬೇಕಾದ ಪುಸ್ತಕ

ಕಥೋಲಿಕ ಚರ್ಚಿನ ಚರಿತ್ರೆ ಬರೆಯಲು ಹೊರಟವರ ಕಣ್ಣು ಮೊದಲು ಹೋಗುವುದು ಬಾಗಿಲ ಮೇಲಿನ ಕಲ್ಲಿಗೆ. ಆ ಕಲ್ಲು ಹೇಳುವುದು ಕಟ್ಟಡದ ವಯಸ್ಸನ್ನು, ಅದೂ ಎಷ್ಟೋ ಸಲ ಕೊನೆಯ ಬಾರಿ ಕಟ್ಟಿದ್ದನ್ನು ಮಾತ್ರ. ಧರ್ಮಕೇಂದ್ರದ, ಅಂದರೆ ಆ ಚರ್ಚಿಗೆ ಸೇರಿದ ಭಕ್ತಸಮುದಾಯದ (ಪ್ಯಾರಿಷ್) ವಯಸ್ಸು ಬೇಕಿದ್ದರೆ ಜ್ಞಾನಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್ ನೋಡಬೇಕು. ಜ್ಞಾನಸ್ನಾನ, ಮದುವೆಗಳನ್ನು ಬರೆದಿಡಬೇಕೆಂಬ ಕಟ್ಟಳೆ 1563ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್) ತ್ರೆಂತ್ ಮಹಾಸಭೆಯಲ್ಲಿ ಬಂತು. 1614ರ ರೋಮನ್ ವಿಧಿಗ್ರಂಥ ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್), ಮರಣ ಮತ್ತು ಮನೆಮನೆಯ ಜನರ ಪಟ್ಟಿಯನ್ನೂ ಸೇರಿಸಿ ಐದು ಪುಸ್ತಕ ಇಡಲು ಹೇಳಿತು.

ಧರ್ಮಗುರುಗಳ ಅನುಮತಿ ಪಡೆದು, ಕಚೇರಿಯಲ್ಲೇ ಕುಳಿತು ನೋಡಿ. ಹಳೆಯ ಕಬ್ಬಿಣದ ಶಾಯಿ ಕಾಗದವನ್ನು ತಿಂದಿರುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತಿದರೆ ಅಕ್ಷರವಿದ್ದ ಜಾಗವೇ ಉದುರುತ್ತದೆ. ಎರಡೂ ಬದಿಗೆ ಮೆತ್ತನೆಯ ಆಸರೆ ಕೊಟ್ಟು, ಅರ್ಧ ತೆರೆದು, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ.

ಮೊದಲ ಪುಟದ ಮೊದಲ ಮಗುವೇ ಆರಂಭ ಎಂದು ಬರೆದುಬಿಡಬೇಡಿ. ಊರು ಅದಕ್ಕೂ ಮೊದಲು ಬೇರೊಂದು ಚರ್ಚಿನ ಉಪಕೇಂದ್ರವಾಗಿದ್ದಿರಬಹುದು. ಆ ತಾಯಿ ಚರ್ಚಿನ ರಿಜಿಸ್ಟರ್‌ನಲ್ಲಿ ನಿಮ್ಮ ಊರಿನ ಹೆಸರು ಯಾವ ವರ್ಷದವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿ. ಧರ್ಮಾಧ್ಯಕ್ಷರ ಸ್ಥಾಪನಾ ಆದೇಶ ಸಿಕ್ಕರೆ ಎರಡನ್ನೂ ತಾಳೆ ನೋಡಿ.

ಹೆಚ್ಚಿನವರು ಎಡವುವುದು ಲ್ಯಾಟಿನ್ ತಾರೀಖಿನಲ್ಲಿ. ತಿಂಗಳ ಜಾಗದಲ್ಲಿ 7, ಅದಕ್ಕೆ ಅಂಟಿದಂತೆ ‘ಬ್ರಿಸ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಸೆಪ್ತೆಂ ಎಂದರೆ ಏಳು, ಅದನ್ನೇ ಅಂಕಿಯಲ್ಲಿ ಬರೆದಿದ್ದಾರೆ ಅಷ್ಟೆ. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಅಥವಾ ರೋಮನ್ ಹತ್ತು ಡಿಸೆಂಬರ್. ಇದೊಂದು ತಪ್ಪಿದರೆ ಮಗು ಹುಟ್ಟುವ ಮೊದಲೇ ಜ್ಞಾನಸ್ನಾನ ಪಡೆದಿರುತ್ತದೆ!

ಗುರುಗಳ ಪಟ್ಟಿಯನ್ನು ಸಹಿಗಳಿಂದ ಕಟ್ಟಿ: ಪ್ರತಿ ಸಹಿಯ ಮೊದಲ ತಾರೀಖು, ಕೊನೆಯ ತಾರೀಖು. ಸಹಿಯ ಬಳಿ ‘ದೆ ಲಿಚೆಂತಿಯಾ ಪಾರೋಕಿ’ ಎಂದಿದ್ದರೆ ಅವರು ಸ್ಥಳೀಯ ಗುರುಗಳ ಅನುಮತಿಯಿಂದ ಆ ದಿನ ವಿಧಿ ನಡೆಸಿದವರು, ಪಟ್ಟಿಗೆ ಸೇರುವವರಲ್ಲ. 1908ರ ನಂತರ ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ಮದುವೆಯ ವಿವರವನ್ನೂ ಬರೆಯಬೇಕಾಗಿತ್ತು. ಊರು ಬಿಟ್ಟುಹೋದ ಕುಟುಂಬಗಳ ಜಾಡು ಸಿಗುವುದು ಅಲ್ಲೇ.

ಇನ್ನು ಕಟ್ಟಡ. ಸವೆದ ಶಾಸನಕ್ಕೆ ಸುಣ್ಣ, ಬಣ್ಣ ತುಂಬಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರಗಳು ನೆರಳಾಗಿ ಎದ್ದು ಕಾಣುತ್ತವೆ. ಒಳಗೋಡೆಯಲ್ಲಿ ಹನ್ನೆರಡು ಶಿಲುಬೆಗಳಿದ್ದರೆ ಚರ್ಚ್ ವಿಧಿವತ್ತಾಗಿ ಪ್ರತಿಷ್ಠಾಪನೆಯಾದದ್ದು. ಬರೀ ಆಶೀರ್ವಾದ ಮಾಡಿದ ಚರ್ಚಿಗೆ ಅವು ಬೇಕಿಲ್ಲ. ಶಂಕುಸ್ಥಾಪನೆ, ಆಶೀರ್ವಾದ, ಪ್ರತಿಷ್ಠಾಪನೆ ಮೂರಕ್ಕೂ ಬೇರೆ ಬೇರೆ ವರ್ಷಗಳಿರಬಹುದು, ಬೇರೆಬೇರೆಯಾಗಿಯೇ ಬರೆಯಿರಿ. ಗಂಟೆಯ ಮೇಲಿನ ಇಸವಿ ಗಂಟೆಯದು ಮಾತ್ರ. ಬೇರೆ ಚರ್ಚಿನಿಂದ ಕೊಂಡು ತಂದದ್ದೂ ಇರಬಹುದು.

ಅಚ್ಚಿಗೆ ಕೊಡುವ ಮುನ್ನ ‘ಪಾತೆರ್ ಇಗ್ನೋತುಸ್’, ಅಂದರೆ ತಂದೆ ಅಜ್ಞಾತ ಎಂಬಂಥ ಟಿಪ್ಪಣಿಗಳನ್ನು ಹೆಸರಿನೊಂದಿಗೆ ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆ ಮನೆಯವರ ಮೊಮ್ಮಕ್ಕಳು ಈಗಲೂ ಅದೇ ಚರ್ಚಿಗೆ ಬರುತ್ತಿರಬಹುದು.