ಕೀಳುವ ಮುನ್ನ ಕೇಳುವ ಸ್ಕ್ರಿಪ್ಟ್

ಲಿನಕ್ಸ್‌ನಲ್ಲಿ ಬೇಡದ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಕಿತ್ತುಹಾಕಲು ಒಂದು ಸಾಲಿನ ಆದೇಶ ಸಾಕು. ಅದಕ್ಕೆಂದು ನಾನು ಬರೆದುಕೊಂಡ ಸ್ಕ್ರಿಪ್ಟ್ (ಆದೇಶಗಳ ಸರಣಿ) ಮಾತ್ರ ಪುಟ ತುಂಬುವಷ್ಟಿದೆ. ಉಳಿದ ಸಾಲುಗಳೆಲ್ಲ ಇರುವುದು ಬೇಕಾದದ್ದು ಹೋಗದಂತೆ ತಡೆಯುವುದಕ್ಕೆ.

ಗೋಣಿಕೊಪ್ಪಲಿನ ಸುತ್ತಮುತ್ತಲ ಕೆಲವು ಕಾಫಿ ತೋಟಗಳ ಕಚೇರಿಗಳಲ್ಲಿ, ಒಂದೆರಡು ಹೋಂಸ್ಟೇಗಳಲ್ಲಿ ಇರುವ ಹಳೆಯ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಹೆಚ್ಚಿನವುಗಳಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04 ಇದೆ. ಡಿಸ್ಕ್ ಚಿಕ್ಕದು, ಇಂಟರ್ನೆಟ್ ಮೊಬೈಲಿನದು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ಸಿಗ್ನಲ್ಲೂ ಹೋಗುತ್ತದೆ. ಇಂಥ ಕಡೆ ಯಾರೂ ತೆರೆಯದ ತಂತ್ರಾಂಶ ಬರಿಯ ಜಾಗ ತಿಂದು ಸುಮ್ಮನಿರುವುದಿಲ್ಲ, ಪ್ರತಿ ಅಪ್‌ಡೇಟಿನಲ್ಲೂ ತನ್ನ ಪಾಲಿನ ಡೇಟಾ ಕೇಳುತ್ತದೆ. ಅಪ್‌ಡೇಟ್ ಉದ್ದವಾದಷ್ಟೂ ಅದು ನಡುವೆ ಕಡಿದು, ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನವಾದ ಡಿಪಿಕೆಜಿ ಅರ್ಧಕ್ಕೆ ನಿಲ್ಲುವ ಸಾಧ್ಯತೆ ಹೆಚ್ಚು. ಆಗ ಮಳೆಯಲ್ಲಿ ಬೈಕ್ ಹತ್ತಬೇಕಾದವನು ನಾನು.

ಏನು ಬೇಡ ಎಂಬುದನ್ನು ಕುರ್ಚಿಯಲ್ಲಿ ಕೂರುವವರನ್ನೇ ಕೇಳುತ್ತೇನೆ. ಒಂದು ತೋಟದ ರೈಟರ್ ಹೇಳಿದ್ದು ಇಷ್ಟು: “ಎಲ್ಲ ತೆಗೆಯಿರಿ ಸಾರ್, ಇಸ್ಪೀಟು ಮಾತ್ರ ಇರಲಿ. ಬಟವಾಡೆ ಲೆಕ್ಕ ಮುಗಿದ ಮೇಲೆ ಮಳೆಯಲ್ಲಿ ಎಲ್ಲಿಗೆ ಹೋಗಲಿ?” ಇಸ್ಪೀಟು ಉಳಿಯಿತು. ಹೋದದ್ದು ಮೇಲ್ ನೋಡುವ ಥಂಡರ್‌ಬರ್ಡ್, ಟೊರೆಂಟ್ ಇಳಿಸುವ ಟ್ರಾನ್ಸ್‌ಮಿಷನ್, ಹಾಡು ಕೇಳಿಸುವ ರಿದಮ್‌ಬಾಕ್ಸ್, ಉಳಿದ ಆಟಗಳು.

ಆ ಪಟ್ಟಿಯಲ್ಲಿ ಬ್ರೈಲ್ ಫಲಕಗಳನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ಕೂಡ ಇತ್ತು. ಅದರ ಕಥೆ ಬೇರೆ. ಕಾಫಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಯುಎಸ್‌ಬಿ-ಸೀರಿಯಲ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದ್ದರು. ಕೇಬಲ್ ಚುಚ್ಚಿದ ಕೂಡಲೇ ಪೋರ್ಟ್ ಕಾಣಿಸಿ, ಮರುಕ್ಷಣ ಮಾಯವಾಗುತ್ತಿತ್ತು. ವ್ಯವಸ್ಥೆಯ ತಿರುಳಾದ ಕರ್ನಲ್ ಬರೆದಿಡುವ ಲಾಗ್ ನೋಡಿದರೆ ಕಾರಣ ಅಲ್ಲೇ ಇತ್ತು: ಅಗ್ಗದ ಕೇಬಲ್ಲುಗಳಲ್ಲಿರುವ ಸಿಎಚ್340 ಚಿಪ್ಪನ್ನು ಬ್ರೈಲ್ ಫಲಕವೆಂದು ಭಾವಿಸಿ ಬಿಆರ್‌ಎಲ್‌ಟಿಟಿವೈ ಅದನ್ನು ತನ್ನ ವಶಕ್ಕೆ ಎಳೆದುಕೊಳ್ಳುತ್ತದೆ. ಉಬುಂಟು 22.04ರಲ್ಲಿ ಇದು ಹಲವರನ್ನು ಕಾಡಿದ ತೊಂದರೆ. ಪ್ಯಾಕೇಜು ತೆಗೆದೆ, ತಕ್ಕಡಿಯ ಅಂಕಿ ಪರದೆಗೆ ಬಂತು. ಆದರೆ ಅದು ಕಣ್ಣು ಕಾಣದವರಿಗಾಗಿ ಇರುವ ತಂತ್ರಾಂಶ. ಎಲ್ಲ ಯಂತ್ರಗಳಿಂದಲೂ ಕಣ್ಣುಮುಚ್ಚಿ ಕೀಳುವಂಥದ್ದಲ್ಲ. ಹಾಗಾಗಿ ಆ ಹೆಸರು ಆ ತೋಟದ ಪಟ್ಟಿಯಲ್ಲಿ ಮಾತ್ರ ಇದೆ.

ಸ್ಕ್ರಿಪ್ಟ್ ಎರಡು ಪಠ್ಯ ಕಡತಗಳನ್ನು ಓದುತ್ತದೆ. ಒಂದರ ಹೆಸರು ‘ಬೇಡ’, ಇನ್ನೊಂದರದ್ದು ‘ಮುಟ್ಟಬೇಡ’. ಮೊದಲನೆಯದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಎರಡನೆಯದರಲ್ಲಿ ನೆಟ್‌ವರ್ಕ್ ಮ್ಯಾನೇಜರ್, ಪ್ರಿಂಟರಿಗೆ ಬೇಕಾದ ಕಪ್ಸ್, ನಿರ್ವಾಹಕನ ಅಧಿಕಾರ ಕೊಡುವ ಸುಡೊ, ಡೆಸ್ಕ್‌ಟಾಪಿನ ಮೂಲ ಪ್ಯಾಕೇಜುಗಳು, ಕನ್ನಡ ಟೈಪಿಸಲು ಬೇಕಾದ ಐಬಸ್, ಜೊತೆಗೆ ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟುಗಳಿವೆ. ಫಾಂಟಿನ ಹೆಸರನ್ನು ಬೇಕೆಂದೇ ಸೇರಿಸಿದ್ದೇನೆ. ಹೊರಗಿನವರು ಮಾಡಿದ ‘ಸ್ವಚ್ಛತಾ’ ಪಟ್ಟಿಗಳಿಗೆ ನಮ್ಮ ಲಿಪಿಯೂ ಕಸವಾಗಿ ಕಾಣಬಹುದು.

ಬೇಡ ಪಟ್ಟಿಯ ಪ್ರತಿ ಹೆಸರೂ ಆ ಯಂತ್ರದಲ್ಲಿ ನಿಜಕ್ಕೂ ಇದೆಯೇ ಎಂದು ಮೊದಲು ಡಿಪಿಕೆಜಿ-ಕ್ವೆರಿ ಎಂಬ ಆದೇಶ ನೋಡುತ್ತದೆ. ಗೊತ್ತಿಲ್ಲದ ಹೆಸರು ಒಂದಿದ್ದರೂ, ಕೀಳುವ ಕೆಲಸ ಮಾಡುವ ಆಪ್ಟ್-ಗೆಟ್ (ಆಪ್ಟ್‌ನ ಆದೇಶ) ಇಡೀ ಕೆಲಸವನ್ನೇ ಬಿಟ್ಟು ಕೂರುವುದರಿಂದ ಈ ಸೋಸುವಿಕೆ ಬೇಕು. ಉಳಿದ ಹೆಸರುಗಳನ್ನು ಕೊಟ್ಟು, ಪೂರ್ತಿ ಕೀಳುವ ಪರ್ಜ್ ಆದೇಶವನ್ನು ಸಿಮ್ಯುಲೇಟ್ (ನಟನೆ) ಆಯ್ಕೆಯೊಡನೆ ಓಡಿಸುತ್ತೇನೆ. ಅದು ಏನನ್ನೂ ಅಳಿಸುವುದಿಲ್ಲ, ಏನೇನು ಹೋಗುತ್ತದೆ ಎಂದು ಸಾಲುಸಾಲಾಗಿ ಹೇಳುತ್ತದೆ ಅಷ್ಟೇ. ತೆಗೆಯುವ ಸಾಲುಗಳನ್ನು ಗ್ರೆಪ್ ಎಂಬ ಹುಡುಕುವ ಆದೇಶದಿಂದ ಹೆಕ್ಕಿ ಮುಟ್ಟಬೇಡ ಪಟ್ಟಿಯೊಂದಿಗೆ ತಾಳೆ ನೋಡಿ, ಒಂದು ಹೆಸರು ಕೂಡಿದರೂ ಸ್ಕ್ರಿಪ್ಟ್ ನಿಂತುಬಿಡುತ್ತದೆ. ‘ಆದರೂ ಮುಂದುವರಿಯಲೇ’ ಎಂದು ಕೇಳುವುದಿಲ್ಲ.

ಸಿಲ್ವರ್ ಓಕ್ ಕಡಿಯುವವನು ಮರಕ್ಕಿಂತ ಮೊದಲು ಅದರ ಕೆಳಗಿನ ಕಾಫಿ ಗಿಡಗಳನ್ನು ನೋಡುತ್ತಾನಲ್ಲ, ಈ ತಾಳೆ ನೋಡುವುದೂ ಅದೇ. ಒಂದು ಪ್ಯಾಕೇಜು ಹೋದರೆ ಅದನ್ನು ಅವಲಂಬಿಸಿದ್ದೆಲ್ಲ ಜೊತೆಗೆ ಹೋಗುತ್ತದೆ. 2021ರಲ್ಲಿ ಪಾಪ್ ಓಎಸ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಟಗಳ ತಂತ್ರಾಂಶ ಸ್ಟೀಮ್ ಹಾಕಲು ಹೋದ ಒಬ್ಬರ ಡೆಸ್ಕ್‌ಟಾಪೇ ಕಿತ್ತುಹೋದದ್ದು ದೊಡ್ಡ ಸುದ್ದಿಯಾಗಿತ್ತು. ಆಪ್ಟ್ ಆಗ ಎಚ್ಚರಿಕೆ ಕೊಡದೆ ಇರಲಿಲ್ಲ, ಉದ್ದನೆಯ ಪಟ್ಟಿಯ ಕೊನೆಗೆ ಕೊಟ್ಟಿತ್ತು. ಉದ್ದನೆಯ ಪಟ್ಟಿಯನ್ನು ಯಾರು ಓದುತ್ತಾರೆ? ಅದಕ್ಕೇ ನನ್ನ ಸ್ಕ್ರಿಪ್ಟ್, ನಾನು ಬರೆಯದಿದ್ದರೂ ಜೊತೆಗೆ ಹೋಗಲಿರುವ ಹೆಸರುಗಳನ್ನಷ್ಟೇ ಬೇರೆಯಾಗಿ ತೋರಿಸುತ್ತದೆ. ಎಲ್ಲದಕ್ಕೂ ಹೌದು ಎನ್ನುವ ‘ವೈ’ ಆಯ್ಕೆಯನ್ನು ಎಲ್ಲಿಯೂ ಹಾಕಿಲ್ಲ.

ನಕ್ಷತ್ರ ಚಿಹ್ನೆಗೂ ಪ್ರವೇಶವಿಲ್ಲ. ಅದಿದ್ದರೆ ಆಪ್ಟ್-ಗೆಟ್ ಅದನ್ನು ಒಂದು ಮಾದರಿಯೆಂದು ಓದಿ, ಅದಕ್ಕೆ ಹೊಂದುವ ಹೆಸರುಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಲಿಬ್ರೆ ಆಫೀಸಿನ ಬೇಡದ ಭಾಗಗಳನ್ನು ಒಂದೊಂದಾಗಿ ಬರೆಯುವುದು ಬೇಸರದ ಕೆಲಸ, ಆದರೂ ಹಾಗೆಯೇ ಬರೆದಿದ್ದೇನೆ.

ರಿಮೂವ್ ಬದಲು ಪರ್ಜ್ ಬಳಸುವುದು, ವ್ಯವಸ್ಥೆಯ ಮಟ್ಟದ ಸಂರಚನಾ (ಸೆಟ್ಟಿಂಗ್) ಕಡತಗಳೂ ಹೋಗಲಿ ಎಂದು. ಬಳಕೆದಾರರ ಹೋಮ್ ಫೋಲ್ಡರನ್ನು ಅದು ಮುಟ್ಟುವುದಿಲ್ಲ. ಥಂಡರ್‌ಬರ್ಡ್ ಹೋದರೂ ರೈಟರ ಹಳೆಯ ಮೇಲ್‌ಗಳು ಅಲ್ಲೇ ಇರುತ್ತವೆ. ಹಿಂದೆ ಯಾರೋ ಬರಿಯ ರಿಮೂವ್ ಮಾಡಿ ಬಿಟ್ಟವು ಡಿಪಿಕೆಜಿ ಪಟ್ಟಿಯಲ್ಲಿ ‘ಆರ್‌ಸಿ’ ಗುರುತಿನೊಡನೆ ಉಳಿದಿರುತ್ತವೆ, ಅವನ್ನೂ ಇದೇ ಸರದಿಯಲ್ಲಿ ತೆಗೆಯುತ್ತೇನೆ.

ಯಾವುದಕ್ಕೂ ಬೇಕಿಲ್ಲದೆ ಉಳಿದ ಪ್ಯಾಕೇಜುಗಳನ್ನು ತಾನಾಗಿ ತೆಗೆಯುವ ಆಟೋರಿಮೂವ್ ಅನ್ನು ಮಾತ್ರ ಸ್ಕ್ರಿಪ್ಟಿಗೆ ಸೇರಿಸಿಲ್ಲ. ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ನೆಟ್ ಬಂತೇ, ಪ್ರಿಂಟರ್ ಓಡಿತೇ, ತಕ್ಕಡಿ ಮಾತನಾಡಿತೇ ಎಂದು ನೋಡಿಕೊಂಡು ಕೈಯಿಂದಲೇ ಓಡಿಸುತ್ತೇನೆ. ಹಳೆಯ ಕರ್ನಲ್‌ಗಳು ಹೋಗಿ ಡಿಸ್ಕಿನಲ್ಲಿ ಎದ್ದುಕಾಣುವಷ್ಟು ಜಾಗ ಸಿಗುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜುಗಳಾದ ಸ್ನ್ಯಾಪ್‌ಗಳ ಲೆಕ್ಕ ಆಪ್ಟ್‌ಗೆ ಸೇರಿದ್ದಲ್ಲ. 22.04ರಲ್ಲಿ ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ಆಗಿಯೇ ಬರುತ್ತದೆ, ಅದರ ಹಳೆಯ ಆವೃತ್ತಿಯೂ ಡಿಸ್ಕಿನಲ್ಲಿ ಉಳಿದಿರುತ್ತದೆ. ಅದಕ್ಕೆ ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಇದೆ.

ಈ ಕೆಲಸವನ್ನೆಲ್ಲ ಮೇ ತಿಂಗಳಲ್ಲೇ, ಮಳೆಗೆ ಮೊದಲು ಮುಗಿಸುತ್ತೇನೆ.